ಕೈಯಾರೆ ಮಾಡಿದ ಬ್ರೇಕು ಮತ್ತು ಪ್ರಮಾದ

ಕೃಷ್ಣೆಯ ದಂಡೆಯ ಜುಗೂಳದಿಂದ ಸ್ತವನಿಧಿಯ ಪಾರ್ಶ್ವನಾಥಸ್ವಾಮಿಯ ದರ್ಶನಕ್ಕೆ ಹೊರಟವರು ಚಿಕ್ಕೋಡಿ, ನಿಪ್ಪಾಣಿಗಳನ್ನು ದಾಟಿ ಘಾಟಿನ ರಸ್ತೆಯನ್ನು ಹಿಡಿಯುತ್ತಾರೆ. ಏರುವಾಗ ವಾಹನದ ಇಂಜಿನ್ನಿಗೆ ಪರೀಕ್ಷೆ, ಇಳಿಯುವಾಗ ಬ್ರೇಕಿಗೆ. ಒಂದು ಕಾಲಕ್ಕೆ ಇಂತಹ ಯಾತ್ರೆಗಳೆಂದರೆ ಬಜಾಜ್ ಟೆಂಪೋ ಕಂಪನಿಯ ಮೆಟಡೋರ್ ವ್ಯಾನೇ ಕಣ್ಣಮುಂದೆ ಬರುತ್ತಿತ್ತು. ಅದರ ತಯಾರಿಕೆ ನಿಂತು ಬಹಳ ವರ್ಷಗಳಾದವು. ಆದರೂ ಹಿರಿಯರ ನೆನಪಿಗೆಂದು ಅದನ್ನು ಮಮತೆಯಿಂದ ಕಾಪಾಡಿಕೊಂಡು ಬಂದ ಒಬ್ಬ ಗೃಹಸ್ಥನಿದ್ದಾನೆಂದು ಇಟ್ಟುಕೊಳ್ಳಬಹುದು. ಹಳೆಯ ಡ್ರಮ್ ಬ್ರೇಕಿನ ಹಿಡಿತ ಸಾಲದೆಂದು ಅವನಿಗೆ ಅನಿಸುತ್ತದೆ. ಗುಜರಿಯಿಂದ ಬೇರೊಂದು ವಾಹನದ ಡಿಸ್ಕ್ ಮತ್ತು ಕ್ಯಾಲಿಪರ್ ತರುತ್ತಾನೆ. ಅವು ಮೆಟಡೋರಿನ ಅಚ್ಚಿಗೆ ನೇರವಾಗಿ ಕೂಡುವುದಿಲ್ಲವಾದ್ದರಿಂದ, ಉಕ್ಕಿನ ತಗಡನ್ನು ಕತ್ತರಿಸಿ, ರಂಧ್ರ ಕೊರೆದು, ನಡುವೆ ಕೂಡಿಸುವ ಒಂದು ಬ್ರಾಕೆಟನ್ನು ತಾನೇ ಮಾಡುತ್ತಾನೆ. ಅವನ ಉದ್ದೇಶ ನಿರ್ಮಲವಾದುದು: ಗಾಡಿಯಲ್ಲಿ ಕೂತವರೂ ರಸ್ತೆಗೆ ಅಡ್ಡ ಬಂದ ಜೀವಗಳೂ ಉಳಿಯಬೇಕು. ಉದ್ದೇಶ ನಿರ್ಮಲವಾಗಿದ್ದ ಮಾತ್ರಕ್ಕೆ ಅವನು ನಿರ್ದೋಷಿಯಾಗುವನೇ ಎಂಬುದೇ ಪ್ರಶ್ನೆ.

ಆ ಅಂಗೈಯಗಲದ ಉಕ್ಕಿನ ಮೇಲೆ ಬೀಳುವ ಭಾರವನ್ನು ಮೊದಲು ತಿಳಿಯಬೇಕು. ಜನ ತುಂಬಿದ ವ್ಯಾನು ಎರಡೂವರೆ ಟನ್ನು ತೂಗಿದರೆ, ಜೋರಾಗಿ ಬ್ರೇಕ್ ಒತ್ತಿದಾಗ ಮುಂಗಾಲಿಯೊಂದರ ಬಳಿ ರಸ್ತೆ ಹಿಂದಕ್ಕೆಳೆಯುವ ಬಲ ಸುಮಾರು ಅರ್ಧ ಟನ್ನಿನಷ್ಟಾಗುತ್ತದೆ. ಕ್ಯಾಲಿಪರ್ ಡಿಸ್ಕನ್ನು ಹಿಡಿಯುವ ಜಾಗ ಗಾಲಿಯ ಅಂಚಿಗಿಂತ ನಡುವಿಗೆ ಮೂರು ಪಟ್ಟು ಹತ್ತಿರವಿರುವುದರಿಂದ ಬ್ರಾಕೆಟಿನ ಮೇಲಿನ ಎಳೆತವೂ ಮೂರು ಪಟ್ಟು, ಎಂದರೆ ಒಂದೂವರೆ ಟನ್ನು. ಅದು ಒಮ್ಮೆ ಬಿದ್ದು ಹೋಗುವ ಭಾರವಲ್ಲ; ಸಾವಿರಾರು ಸಲ ಬಿದ್ದು ಬಿಡುವ ಭಾರ. ವೆಲ್ಡಿಂಗಿನ ಅಂಚಿನಲ್ಲೋ ರಂಧ್ರದ ಒರಟು ಬಾಯಿಯಲ್ಲೋ ಕೂದಲೆಳೆಯ ಬಿರುಕೊಂದು ಹುಟ್ಟಿ, ತಿಂಗಳುಗಟ್ಟಲೆ ಕಾಣದೆ ಬೆಳೆದು, ಒಂದು ದಿನ ತುಂಡಾಗುತ್ತದೆ. ಮನೆಯ ಮುಂದೆ ಒಂದು ಸುತ್ತು ಓಡಿಸಿ ಬ್ರೇಕ್ ಚೆನ್ನಾಗಿ ಹಿಡಿಯಿತೆಂದು ಸಂತೋಷಪಟ್ಟವನಿಗೆ ಈ ಬಿರುಕಿನ ಸುದ್ದಿಯೇ ಇರುವುದಿಲ್ಲ.

ಶಾಖದ ಮಾತೂ ಉಂಟು. ಅದೇ ವ್ಯಾನು ನೂರು ಮೀಟರ್ ಎತ್ತರವನ್ನು ಕೇವಲ ಬ್ರೇಕಿನ ಬಲದಿಂದ ಇಳಿದರೆ ಹುಟ್ಟುವ ಶಾಖ ಎಂಟು ಲೀಟರ್ ನೀರನ್ನು ಕುದಿಸಲು ಸಾಕು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ದರ್ಜೆಯ ಹೊಸ ಆಯಿಲು 205 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡ್ರಮ್ಮಿಗೆಂದು ಮಾಡಿದ ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡರೆ ಪೈಪಿನಲ್ಲಿ ಒತ್ತಡ ಸ್ವಲ್ಪ ನಿಂತು, ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇದ್ದು ಕಾಯಬಹುದು. ಬ್ರೇಕು ಒಂದು ಬಿಡಿಭಾಗವಲ್ಲ, ಒಂದು ವ್ಯವಸ್ಥೆ. ಒಳ್ಳೆಯ ಲೈನಿಂಗ್ ಹಾಕಿ ಸರಿಯಾಗಿ ಹೊಂದಿಸಿದ ಹಳೆಯ ಡ್ರಮ್ಮು ಅರೆಬರೆ ಕೂಡಿಸಿದ ಡಿಸ್ಕಿಗಿಂತ ಎಷ್ಟೋ ಮೇಲು. ಕೈಕೆಲಸದ ಅಭಿಮಾನಕ್ಕೆ ಇದು ರುಚಿಸುವ ಮಾತಲ್ಲ. ಮಾನಕಷಾಯಕ್ಕೆ ಲೇಥ್ ಯಂತ್ರದ ಬಳಿಯೂ ಜಾಗವಿದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಕುಂದಕುಂದಾಚಾರ್ಯರ ಪ್ರವಚನಸಾರ ಇನ್ನೂ ನಿಷ್ಠುರವಾದುದು: ಎಚ್ಚರಗೇಡಿಗೆ ಜೀವ ಸತ್ತರೂ ಬದುಕಿದರೂ ಹಿಂಸೆ ನಿಶ್ಚಿತ, ಎಚ್ಚರದಿಂದ ನಡೆದವನಿಗೆ ಕೇವಲ ಪ್ರಾಣಹಾನಿಯಿಂದ ಬಂಧವಿಲ್ಲ. ಈ ದೃಷ್ಟಿಯಿಂದ ನೋಡಿದರೆ, ಬ್ರಾಕೆಟು ಹತ್ತು ವರ್ಷ ಮುರಿಯದೆ ಉಳಿಯಿತೆಂಬುದು ಗೃಹಸ್ಥನ ಪರವಾದ ಸಾಕ್ಷಿಯಾಗದು. ಉಕ್ಕು ಯಾವುದೆಂದು ಕೇಳದೆ, ಬೋಲ್ಟಿನ ದರ್ಜೆ ನೋಡದೆ, ಬಲ್ಲವರಿಗೆ ತೋರಿಸದೆ ಮೊದಲ ದಿನವೇ ಮಕ್ಕಳನ್ನು ಹತ್ತಿಸಿಕೊಂಡಿದ್ದರೆ ದೋಷ ಅಂದೇ ಸಂಭವಿಸಿತು. ಲೆಕ್ಕ ಹಾಕಿಸಿ, ಖಾಲಿ ಗಾಡಿಯಲ್ಲಿ ಪರೀಕ್ಷಿಸಿ, ಕಾಲಕಾಲಕ್ಕೆ ಬಿಚ್ಚಿ ಬಿರುಕು ಹುಡುಕುತ್ತ ಬಂದವನ ಗಾಡಿ ಕೈಕೊಟ್ಟರೆ ಅವನ ದುಃಖ ಕಡಿಮೆಯಾಗದಿರಬಹುದು, ಆದರೆ ಅವನ ಸ್ಥಿತಿ ಬೇರೆ.

ತನ್ನ ಗಾಡಿ ತನ್ನ ಇಷ್ಟ ಎಂಬ ವಾದವೂ ಕೇಳಿಬರುತ್ತದೆ. ಹಿಂದಿನ ಸೀಟಿನ ಅಜ್ಜಿ ಬ್ರಾಕೆಟನ್ನು ನೋಡಿ ಒಪ್ಪಿಗೆ ಕೊಟ್ಟವಳಲ್ಲ. ಕಾನೂನಿಗೂ ಈ ವಾದ ಒಪ್ಪಿಗೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ, 2019ರ ತಿದ್ದುಪಡಿ ಅನುಮತಿಯಿಲ್ಲದ ಮಾರ್ಪಾಡಿಗೆ ಶಿಕ್ಷೆಯನ್ನೂ ಸೇರಿಸಿದೆ.

ಇಲ್ಲಿ ಬಸದಿಯ ಟ್ರಸ್ಟುಗಳಿಗೂ ಪಾಲಿದೆ. ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಲ್ಲಿ ಮೊದಲನೆಯದು ಗೃಹಸ್ಥನದಾದರೆ ಉಳಿದೆರಡು ವಾಹನವನ್ನು ಗೊತ್ತುಮಾಡಿದವರವು. ಯಾತ್ರೆಗೆ ವ್ಯಾನು ಗೊತ್ತುಮಾಡುವಾಗ ಬಾಡಿಗೆಯನ್ನು ಎರಡು ಸಲ ಕೇಳಿ ಫಿಟ್ನೆಸ್ ಪತ್ರವನ್ನು ಒಮ್ಮೆಯೂ ಕೇಳದ ವಾಡಿಕೆ ಅಪರೂಪದ್ದೇನಲ್ಲ. ಸಮಾಜದವನ ಗಾಡಿ, ಕೇಳಿದರೆ ಬೇಸರವಾದೀತು ಎಂಬ ದಾಕ್ಷಿಣ್ಯವೂ ಪ್ರಮಾದವೇ. ನೀರನ್ನು ಸೋಸಿ ಕುಡಿಯುವ ಮನೆಯವರು ಸೋಸುವ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಹಾಗೆ ನೋಡಿದರೆಂದು ಆ ಬಟ್ಟೆ ನೇಯ್ದವನು ಮುನಿಸಿಕೊಂಡದ್ದಿಲ್ಲ.