ಜೀರ್ಣ ಲ್ಯಾಪ್‌ಟಾಪಿನ ವೇಗವರ್ಧನ ಮೀಮಾಂಸೆ

ತಯಾರಕನು ನಿಯಮಿಸಿದ ಮೇಲ್ಮಿತಿಯನ್ನು ಮೀರಿ, ಬಳಸುವವನ ಸಂಕಲ್ಪದಿಂದ, ಪ್ರೊಸೆಸರಿನ ಅಥವಾ ತತ್ಸದೃಶವಾದ ಅಂಗದ ಸ್ಪಂದಾವೃತ್ತಿಯನ್ನು ಹೆಚ್ಚಿಸುವ ಕ್ರಿಯೆ ಓವರ್‌ಕ್ಲಾಕಿಂಗ್. ಇದು ಲಕ್ಷಣ. ಇದರ ಪದಕೃತ್ಯ ಹೀಗೆ: ‘ಮೇಲ್ಮಿತಿಯನ್ನು ಮೀರಿ’ ಎಂಬ ವಿಶೇಷಣವಿಲ್ಲದಿದ್ದರೆ ಟರ್ಬೊ ಬೂಸ್ಟ್‌ನಲ್ಲಿ ಅತಿವ್ಯಾಪ್ತಿ. ಟರ್ಬೊದಲ್ಲಿಯೂ ಆವೃತ್ತಿ ಏರುತ್ತದೆ. ಆದರೆ ಆ ಏರಿಕೆ ತಯಾರಕನ ನಿಯಮದ ಒಳಗಿನದು. 2012ರ ಕೋರ್ ಐ5-3210ಎಂ ಪ್ರೊಸೆಸರಿನ ಮೂಲ ಆವೃತ್ತಿ 2.5 ಗಿಗಾಹರ್ಟ್ಸ್, ಟರ್ಬೊ ಮಿತಿ 3.1, ಆ 3.1ರ ತನಕದ ಯಾವ ವೇಗವೂ ಓವರ್‌ಕ್ಲಾಕಿಂಗ್ ಎನಿಸದು. ‘ಬಳಸುವವನ ಸಂಕಲ್ಪದಿಂದ’ ಎಂಬುದರಿಂದ ಕಾರ್ಖಾನೆಯಲ್ಲಿಯೇ ವೇಗ ಏರಿಸಿ ಮಾರುವ ಗ್ರಾಫಿಕ್ಸ್ ಕಾರ್ಡುಗಳ ವ್ಯಾವೃತ್ತಿ. ‘ಸ್ಪಂದಾವೃತ್ತಿ’ ಎಂಬುದರಿಂದ ರ‍್ಯಾಮ್ ಸೇರಿಸುವುದು, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂಡಿಸುವುದು ಮುಂತಾದವುಗಳ ವ್ಯಾವೃತ್ತಿ. ಲೋಕವ್ಯವಹಾರದಲ್ಲಿ ಇವೆಲ್ಲವೂ ‘ಸ್ಪೀಡ್ ಮಾಡಿಸುವುದು’ ಎಂಬ ಒಂದೇ ಮಾತಿನಲ್ಲಿ ಅಡಗುತ್ತವೆ. ಈ ವಿಷಯದ ಸಂಶಯಗಳ ಬಹುಪಾಲು ಹುಟ್ಟುವುದು ಆ ಸಾಂಕರ್ಯದಿಂದಲೇ.

ವಿಚಾರಕ್ಕೆ ವಿಷಯವಾದ ಯಂತ್ರವನ್ನು ಮೊದಲು ನಿರ್ದೇಶಿಸಬೇಕು. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರಿನಲ್ಲಿ ಹಳೆಯ ಲ್ಯಾಪ್‌ಟಾಪ್ ಎಂದರೆ ಆಟವಾಡುವ ಯಂತ್ರವಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು, ಇಲ್ಲವೇ ಅಣ್ಣನ ಓದು ಮುಗಿದು ತಂಗಿಯ ಪಾಲಿಗೆ ಬಂದದ್ದು. ಝೆರಾಕ್ಸ್ ಅಂಗಡಿಯಲ್ಲಿದ್ದರೆ ಅದು ಪಹಣಿ ತೆಗೆಯುತ್ತದೆ, ಸೇವಾಸಿಂಧುವಿನಲ್ಲಿ ಅರ್ಜಿ ಹಾಕುತ್ತದೆ, ನುಡಿ ತಂತ್ರಾಂಶದಲ್ಲಿ ಕರಾರುಪತ್ರ ಟೈಪಿಸುತ್ತದೆ. ಮನೆಯಲ್ಲಿದ್ದರೆ ವಿದ್ಯಾರ್ಥಿವೇತನದ ದಾಖಲೆಗಳನ್ನು ಅಪ್‌ಲೋಡ್ ಮಾಡುತ್ತದೆ. ಒಳಗೆ ಸಾಮಾನ್ಯವಾಗಿ 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತಿನ ಹಾರ್ಡ್‌ಡಿಸ್ಕ್, 35 ವ್ಯಾಟಿನ ಪ್ರೊಸೆಸರ್. ಮಧುಗಿರಿ, ಶಿರಾ, ಪಾವಗಡಗಳಲ್ಲಿಯೂ ವಿಷಯ ಇದೇ. ಇಂಥ ಯಂತ್ರದ ಮಾಂದ್ಯನಿವೃತ್ತಿಗೆ ಓವರ್‌ಕ್ಲಾಕಿಂಗ್ ಕರ್ತವ್ಯವೋ ಅಕರ್ತವ್ಯವೋ ಎಂಬುದು ಸಂಶಯ.

ಪೂರ್ವಪಕ್ಷವು ಕರ್ತವ್ಯವೆನ್ನುತ್ತದೆ. ತಯಾರಕನು ಪ್ರತಿ ಪ್ರೊಸೆಸರಿನಲ್ಲಿಯೂ ಸ್ವಲ್ಪ ಸಾಮರ್ಥ್ಯವನ್ನು ಕಾಯ್ದಿಟ್ಟಿರುತ್ತಾನೆ, ಕಾಯ್ದಿಟ್ಟದ್ದನ್ನು ಬಳಸುವುದು ನ್ಯಾಯ್ಯ, ಹಣವೂ ಬೇಡ. ದೃಷ್ಟಾಂತವೂ ಇದೆ: 1998ರ ಸೆಲೆರಾನ್ 300ಎ. ಅದರ ದತ್ತಾಂಶ ಸಾಗಿಸುವ ಬಸ್ಸಿನ ಆವೃತ್ತಿಯನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದೊಡನೆ 300 ಮೆಗಾಹರ್ಟ್ಸ್‌ನ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು. ಅರ್ಧದಷ್ಟು ವೇಗ ಪುಕ್ಕಟೆ.

ದೃಷ್ಟಾಂತ ಸತ್ಯವೇ, ದಾರ್ಷ್ಟಾಂತಿಕಕ್ಕೆ ಹೊಂದದು. ಸೆಲೆರಾನ್ 300ಎ ಡೆಸ್ಕ್‌ಟಾಪಿನ ಪ್ರೊಸೆಸರ್. ಅದರ ಕಾಯ್ದಿಟ್ಟ ಸಾಮರ್ಥ್ಯ ನಿಜವಾಗಿಯೂ ಅನುಪಯುಕ್ತವಾಗಿ ಉಳಿದಿತ್ತು. ಆಮೇಲೆ ಕಾಲ ಬದಲಾಯಿತು. ಉಷ್ಣದ ಗೋಡೆಗೆ ತಾಗಿ ಇಂಟೆಲ್ 2004ರಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4ನ್ನು ಕೈಬಿಟ್ಟಿತು. 2008ರಿಂದ ಟರ್ಬೊ ಬೂಸ್ಟ್ ಬಂದು, ಕಾಯ್ದಿಟ್ಟ ಸಾಮರ್ಥ್ಯವನ್ನು ಪ್ರೊಸೆಸರ್ ತಾನೇ ಕ್ಷಣಕ್ಷಣಕ್ಕೂ ಅಳೆದು ಬಳಸಿಕೊಳ್ಳತೊಡಗಿತು. ತಯಾರಕನೇ ಖರ್ಚುಮಾಡಿದ ದ್ರವ್ಯವನ್ನು ಮತ್ತೊಮ್ಮೆ ಖರ್ಚುಮಾಡಲಾಗದು. ಉಳಿದ ಅಲ್ಪಾಂಶ ವಾರ್ಧಕ್ಯಕ್ಕೆಂದು ಇಟ್ಟದ್ದು: ವರ್ಷಗಳುರುಳಿದಂತೆ ಟ್ರಾನ್ಸಿಸ್ಟರುಗಳು ಅದೇ ವೇಗಕ್ಕೆ ತುಸು ಹೆಚ್ಚು ವೋಲ್ಟೇಜ್ ಬೇಡುತ್ತವೆ. ಹನ್ನೆರಡು ವರ್ಷದ ಯಂತ್ರದಲ್ಲಿ ಆ ನಿಧಿಯ ಒಂದು ಭಾಗ ಈಗಾಗಲೇ ಕರಗಿದೆ. ಹೊಸದರಲ್ಲಿ ಸಾಧ್ಯವಾದದ್ದು ಹಳೆಯದರಲ್ಲಿ ಸಾಧ್ಯವೆನ್ನುವುದು ವಿಪರೀತಾನುಮಾನ.

ಸಾಧ್ಯತೆಯನ್ನೇ ಇನ್ನಷ್ಟು ಸೂಕ್ಷ್ಮವಾಗಿ ವಿಂಗಡಿಸಬೇಕು. ಪ್ರೊಸೆಸರಿನ ವೇಗ ಮೂಲಸ್ಪಂದ ಮತ್ತು ಗುಣಕಗಳ ಗುಣಲಬ್ಧ. ಐ5-3210ಎಂನಲ್ಲಿ 100 ಮೆಗಾಹರ್ಟ್ಸ್ ಗುಣಿಸು 25. ಗುಣಕವನ್ನು ಏರಿಸುವುದು ಗುಣಕಾತಿಕ್ರಮ, ಮೂಲಸ್ಪಂದವನ್ನು ಏರಿಸುವುದು ಮೂಲಾತಿಕ್ರಮ. ಲ್ಯಾಪ್‌ಟಾಪುಗಳ ಪೈಕಿ ಗುಣಕಕ್ಕೆ ಬೀಗವಿಲ್ಲದವು ಎಕ್ಸ್‌ಎಂ, ಎಚ್‌ಕೆ ಮುಂತಾದ ಅಕ್ಷರ ಹೊತ್ತ ದುಬಾರಿ ಪ್ರೊಸೆಸರುಗಳು. ಅಂಥವು ತೋವಿನಕೆರೆಯ ಝೆರಾಕ್ಸ್ ಅಂಗಡಿಗೆ ಬರುವುದು ಅಪರೂಪ. ಮೂಲಾತಿಕ್ರಮಕ್ಕೆ ಕೋರ್ 2 ಡ್ಯುಯೊ ಕಾಲದಲ್ಲಿ ಅವಕಾಶವಿತ್ತು: ಬೋರ್ಡಿನ ಮೇಲಿನ ಸ್ಪಂದಜನಕ ಚಿಪ್ ಯಾವುದೆಂದು ಗುರುತಿಸಿ, ಸೆಟ್‌ಎಫ್‌ಎಸ್‌ಬಿ ಎಂಬ ತಂತ್ರಾಂಶದಿಂದ ಬಸ್ಸಿನ ವೇಗ ಏರಿಸುತ್ತಿದ್ದರು. 2011ರ ಸ್ಯಾಂಡಿ ಬ್ರಿಡ್ಜ್‌ನಿಂದ ಆ ದಾರಿ ಬಹುಮಟ್ಟಿಗೆ ಮುಚ್ಚಿತು, ಏಕೆಂದರೆ ಪ್ರೊಸೆಸರು, ಪಿಸಿಐ, ಸಾಟಾ, ಯುಎಸ್‌ಬಿ ಎಲ್ಲಕ್ಕೂ ಒಂದೇ ಮೂಲಸ್ಪಂದ. ಅದನ್ನು ಶೇ. 3ರಿಂದ 5ಕ್ಕಿಂತ ಮೇಲೆ ಒಯ್ದರೆ ಪ್ರೊಸೆಸರ್ ಸಹಿಸಿಕೊಂಡರೂ ಡಿಸ್ಕಿನ ಸಂಪರ್ಕ ತಪ್ಪುತ್ತದೆ, ಬರೆದ ಫೈಲು ಕೆಡುತ್ತದೆ. ಫಲ ಶೇ. 3, ಪ್ರತ್ಯವಾಯ ದತ್ತಾಂಶನಾಶ.

ಅಂಗಡಿಯವನು ಪ್ರತ್ಯಕ್ಷವನ್ನೇ ಪ್ರಮಾಣವಾಗಿ ಮುಂದಿಡುವುದುಂಟು: ‘ಥ್ರಾಟಲ್‌ಸ್ಟಾಪ್ ಹಾಕಿ ಓವರ್‌ಕ್ಲಾಕ್ ಮಾಡಿದೆ, ಗಾಡಿ ಕಣ್ಣೆದುರೇ ಓಡಿತು.’ ಈ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು, ಆದ್ದರಿಂದ ನಿಧಾನವಾಗಿ ಪರೀಕ್ಷಿಸತಕ್ಕದ್ದು. ವೇಗ ಹೆಚ್ಚಾದದ್ದು ನಿಜ. ಅದು ಓವರ್‌ಕ್ಲಾಕಿಂಗಿನ ಫಲವೇ ಎಂಬುದು ಪ್ರಶ್ನೆ. ಕೆಲವು ಲ್ಯಾಪ್‌ಟಾಪುಗಳು ತಮಗೆ ಗುರುತು ಸಿಗದ ಅಡಾಪ್ಟರ್ ಜೋಡಿಸಿದಾಗ ಅಥವಾ ಬ್ಯಾಟರಿ ಸತ್ತಾಗ, ಬಿಸಿಯೇ ಆಗದಿದ್ದರೂ, ‘ಬಿಸಿಯಾಗಿದೆ’ ಎಂಬ ಕೃತಕ ಸಂಕೇತವನ್ನು ಪ್ರೊಸೆಸರಿಗೆ ಕಳಿಸುತ್ತವೆ. ಆಗ 2.5 ಗಿಗಾಹರ್ಟ್ಸ್‌ನ ಪ್ರೊಸೆಸರ್ 0.8ರ ಆಸುಪಾಸಿಗೆ ಕುಸಿದು ಅಲ್ಲಿಯೇ ನಿಲ್ಲುತ್ತದೆ. ಥ್ರಾಟಲ್‌ಸ್ಟಾಪ್ ಎಂಬ ಆ ತಂತ್ರಾಂಶದಲ್ಲಿ ‘ಬಿಡಿ ಪ್ರೊಕ್‌ಹಾಟ್’ ಎಂಬ ಚೌಕದ ಟಿಕ್ ತೆಗೆದರೆ ಸಂಕೇತ ನಿರರ್ಥಕವಾಗಿ, 2.5 ಮರಳುತ್ತದೆ. ಮೂರು ಪಟ್ಟು ವೇಗ! ಆದರೆ ಮೇಲ್ಮಿತಿ ಒಂದಿಷ್ಟೂ ಮೀರಿಲ್ಲ. ಕಳೆದುಹೋದದ್ದು ಸಿಕ್ಕಿದೆ. ಹೀಗೆ ಫಲವು ಅನ್ಯಥಾಸಿದ್ಧ. ಇಲ್ಲಿಂದ ಈ ಶಾಸ್ತ್ರದ ಮುಖ್ಯ ಭೇದ ಹೊರಡುತ್ತದೆ: ನಷ್ಟವೇಗದ ಪುನಃಪ್ರಾಪ್ತಿ ಬೇರೆ, ನಿಯತವೇಗದ ಅತಿಕ್ರಮ ಬೇರೆ. ಹಳೆಯ ಯಂತ್ರದಲ್ಲಿ ಅತಿಕ್ರಮದ ಹೆಸರಿನಲ್ಲಿ ದೊರೆಯುವುದೆಲ್ಲ ಪ್ರಾಯಶಃ ಪುನಃಪ್ರಾಪ್ತಿಯೇ. ಟಿಕ್ ತೆಗೆಯುವ ಮುನ್ನ ಸರಿಯಾದ ಅಡಾಪ್ಟರಿನಿಂದ ಪರೀಕ್ಷಿಸಬೇಕೆಂಬುದು ಅವಶ್ಯ ನಿಯಮ. ಬೋರ್ಡಿನ ವಿದ್ಯುತ್ ಭಾಗ ನಿಜವಾಗಿಯೇ ಬಿಸಿಯಾಗುತ್ತಿದ್ದು ಸಂಕೇತ ಕಳಿಸುತ್ತಿದ್ದರೆ, ಅದರ ಬಾಯಿ ಮುಚ್ಚಿಸುವುದು ಬೋರ್ಡಿನ ನಾಶಕ್ಕೆ ದಾರಿ.

ಪುನಃಪ್ರಾಪ್ತಿ ಮೂರು ಬಗೆ. ಸಂಕೇತನಿಮಿತ್ತವನ್ನು ಹೇಳಿಯಾಯಿತು. ಉಳಿದವು ಉಷ್ಣನಿಮಿತ್ತ ಮತ್ತು ಪ್ರತೀಕ್ಷಾನಿಮಿತ್ತ.

ಉಷ್ಣನಿಮಿತ್ತದ ವಿಚಾರಕ್ಕೆ ದೇಶವೂ ಅಂಗ. ಪ್ರೊಸೆಸರಿನಲ್ಲಿ ವ್ಯಯವಾಗುವ ಶಕ್ತಿಯ ಮುಖ್ಯಾಂಶ ಆವೃತ್ತಿಗೆ ಸಮಾನುಪಾತಿ, ವೋಲ್ಟೇಜಿನ ವರ್ಗಕ್ಕೂ ಸಮಾನುಪಾತಿ. ಆವೃತ್ತಿ ಶೇ. 10 ಏರಿ, ಅದನ್ನು ಸ್ಥಿರಗೊಳಿಸಲು ವೋಲ್ಟೇಜ್ ಶೇ. 5 ಏರಿದರೆ, ಶಕ್ತಿವ್ಯಯ ಶೇ. 21 ಏರುತ್ತದೆ. ಆ ಶಾಖ ಹೊರಹೋಗುವ ಪ್ರಮಾಣ ಚಿಪ್ಪಿಗೂ ಕೋಣೆಯ ಗಾಳಿಗೂ ಇರುವ ಉಷ್ಣಾಂತರವನ್ನು ಅವಲಂಬಿಸಿದೆ. ಐ5-3210ಎಂನ ಉಷ್ಣಮಿತಿ 105 ಡಿಗ್ರಿ. 25 ಡಿಗ್ರಿಯ ಕೋಣೆಯಲ್ಲಿ ಅಂತರ 80. ಪಾವಗಡದ ಕಡೆ ಬೇಸಗೆಯ ಮಧ್ಯಾಹ್ನ, ಶೀಟಿನ ಮಾಡಿನ ಕೆಳಗೆ 38 ಡಿಗ್ರಿಯಾದರೆ ಅಂತರ 67. 25 ಡಿಗ್ರಿಯಲ್ಲಿ 35 ವ್ಯಾಟನ್ನು ಮಿತಿಯೊಳಗೆ ಹೊರಹಾಕುವ ಶೀತಕವ್ಯವಸ್ಥೆ ಇಲ್ಲಿ ಹೊರಹಾಕುವುದು ಸುಮಾರು 29 ವ್ಯಾಟ್ ಮಾತ್ರ. 2050 ಮೆಗಾವ್ಯಾಟಿನ ಸೌರ ಉದ್ಯಾನಕ್ಕೆ ಯೋಗ್ಯವಾದ ಬಿಸಿಲು ಪಾವಗಡಕ್ಕೆ ವರವಾಗಿರಬಹುದು, ಲ್ಯಾಪ್‌ಟಾಪಿಗಲ್ಲ. ಇದ್ದ ಶಾಖವನ್ನೇ ಹೊರಹಾಕಲಾಗದೆ ತಾನಾಗಿ ವೇಗ ಇಳಿಸಿಕೊಳ್ಳುತ್ತಿರುವ ಯಂತ್ರಕ್ಕೆ ಇನ್ನಷ್ಟು ಶಾಖವನ್ನು ವಿಧಿಸಿದರೆ ಅದು ಇನ್ನಷ್ಟು ಇಳಿಸಿಕೊಳ್ಳುತ್ತದೆ. ಸಾಧನವೇ ಸಾಧ್ಯವನ್ನು ಬಾಧಿಸುವ ಈ ದೋಷ ವ್ಯಾಘಾತ.

ಹಿಂಬದಿಯ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ ಫ್ಯಾನನ್ನು ಮೇಲೆತ್ತಿದರೆ ಕಾರಣ ಕಣ್ಣಿಗೇ ಬೀಳುತ್ತದೆ. ಫ್ಯಾನಿಗೂ ತಾಮ್ರದ ಕೊಳವೆಯ ತುದಿಯ ತೆಳು ರೆಕ್ಕೆಗಳಿಗೂ ನಡುವೆ ಧೂಳು, ಕೂದಲು, ಕಾಗದದ ಪುಡಿ ಒತ್ತಿಕೊಂಡು ಕಂಬಳಿಯ ತುಂಡಿನಂತೆ ಕೂತಿರುತ್ತದೆ. ಚಿಮಟದಲ್ಲಿ ಹಿಡಿದೆಳೆದರೆ ಒಂದೇ ಪಟ್ಟಿಯಾಗಿ ಬರುತ್ತದೆ. ಹೊರಗಿನಿಂದ ಊದಿದರೆ ಅದು ಹೋಗುವುದಿಲ್ಲ. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಕೂಲಿಂಗ್ ಪ್ಯಾಡ್ ಇಟ್ಟರೆ ಸಾಲದೇ ಎಂದರೆ, ಸಾಲದು. ಪ್ಯಾಡಿನ ಗಾಳಿ ತಳವನ್ನು ಮುಟ್ಟುತ್ತದೆ, ರೆಕ್ಕೆಗಳ ನಡುವೆ ದಾರಿ ಮುಚ್ಚಿದ್ದಾಗ ಒಳಗೆ ಹಾಯುವುದಿಲ್ಲ.

ಪ್ರಸಂಗವಶಾತ್ ವೋಲ್ಟೇಜ್ ಇಳಿಸುವ ಕ್ರಿಯೆಯೂ ವಿಚಾರಾರ್ಹ. 1.10 ವೋಲ್ಟನ್ನು 1.02ಕ್ಕೆ ಇಳಿಸಿದರೆ, ಆವೃತ್ತಿ ಅಷ್ಟೇ ಇದ್ದು, ಶಕ್ತಿವ್ಯಯ ಶೇ. 14 ತಗ್ಗುತ್ತದೆ, ಉಷ್ಣದಿಂದ ಕುಗ್ಗಿದ ವೇಗ ಮರಳುತ್ತದೆ. ಇದು ರೂಪದಲ್ಲಿ ಓವರ್‌ಕ್ಲಾಕಿಂಗಿಗೆ ವಿರುದ್ಧ, ಫಲದಲ್ಲಿ ಅದಕ್ಕಿಂತ ಉತ್ತಮ. ಆದರೆ ಸಾರ್ವತ್ರಿಕವಲ್ಲ. ಇಂಟೆಲ್ ಕೋರ್ ಸರಣಿಯಲ್ಲಿ ಸಾಮಾನ್ಯವಾಗಿ 2013ರ ನಾಲ್ಕನೇ ಪೀಳಿಗೆಯಿಂದ ಈ ಅವಕಾಶ. ಐ5-3210ಎಂನಂಥ ಮೂರನೇ ಪೀಳಿಗೆಯ ಪ್ರೊಸೆಸರಿಗೆ ಇಲ್ಲ. 2019ರ ಡಿಸೆಂಬರಿನಲ್ಲಿ ‘ಪ್ಲಂಡರ್‌ವೋಲ್ಟ್’ ಎಂಬ ಭದ್ರತಾದೋಷ ಪ್ರಕಟವಾದ ಮೇಲೆ, ಆರನೇ ಪೀಳಿಗೆಯಿಂದೀಚಿನ ಅನೇಕ ಯಂತ್ರಗಳಲ್ಲಿ ಬಯೋಸ್ ಅಪ್‌ಡೇಟಿನೊಂದಿಗೆ ಈ ಬಾಗಿಲಿಗೂ ಬೀಗ ಬಿತ್ತು. ಬೀಗ ತೆಗೆಯಲೆಂದು ಹಳೆಯ ಬಯೋಸ್ ಹಾಕುವುದು ನಿಷಿದ್ಧ. ಜನರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಹಾದುಹೋಗುವ ಯಂತ್ರದಲ್ಲಿ ಭದ್ರತೆಯನ್ನು ವೇಗಕ್ಕೆ ಬಲಿಕೊಡುವ ಅಧಿಕಾರ ಯಾರಿಗೂ ಇಲ್ಲ.

ಪ್ರತೀಕ್ಷಾನಿಮಿತ್ತ ಮಾಂದ್ಯವೇ ಅತ್ಯಂತ ವ್ಯಾಪಕ, ಅತ್ಯಂತ ಉಪೇಕ್ಷಿತ. 5400 ಸುತ್ತಿನ ಡಿಸ್ಕ್ ಅರ್ಧ ಸುತ್ತಿಗೆ 5.6 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ದತ್ತಾಂಶ ತಲೆಯ ಕೆಳಗೆ ಬರಲು ಸರಾಸರಿ ಅಷ್ಟು ಕಾಯಬೇಕು. ಆ ಅವಧಿಯಲ್ಲಿ 2.5 ಗಿಗಾಹರ್ಟ್ಸ್‌ನ ಪ್ರೊಸೆಸರ್ 1.4 ಕೋಟಿ ಬಾರಿ ಸ್ಪಂದಿಸುತ್ತದೆ. ಆ ದತ್ತಾಂಶಕ್ಕಾಗಿ ಕಾದ ಕೆಲಸದ ಪಾಲಿಗೆ ಅಷ್ಟೂ ಸ್ಪಂದ ವ್ಯರ್ಥ. ಆವೃತ್ತಿ ಏರಿಸಿದರೆ ವ್ಯರ್ಥಸ್ಪಂದಗಳ ಸಂಖ್ಯೆ ಏರುತ್ತದೆಯೇ ಹೊರತು ಡಿಸ್ಕ್ ಬೇಗ ಸುತ್ತುವುದಿಲ್ಲ. 4 ಜಿಬಿ ರ‍್ಯಾಮ್ ತುಂಬಿ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸತೊಡಗಿದಾಗ ಈ ಪ್ರತೀಕ್ಷೆ ನೂರ್ಮಡಿಯಾಗುತ್ತದೆ. ಜೀನ್ ಆಮ್ಡಾಲ್ 1967ರಲ್ಲಿ ಪ್ರತಿಪಾದಿಸಿದ ನ್ಯಾಯ ಇಲ್ಲಿ ನಿರ್ಣಾಯಕ: ಒಂದು ಅಂಗದ ವೇಗವರ್ಧನೆಯ ಲಾಭ, ಒಟ್ಟು ಕಾಲದಲ್ಲಿ ಆ ಅಂಗದ ಪಾಲನ್ನು ಮೀರದು. ನೂರು ಸೆಕೆಂಡಿನ ಕೆಲಸದಲ್ಲಿ ಲೆಕ್ಕಾಚಾರದ ಪಾಲು 30, ಡಿಸ್ಕಿಗೆ ಕಾಯುವ ಪಾಲು 70 ಎಂದಿಟ್ಟುಕೊಂಡರೆ, ಪ್ರೊಸೆಸರನ್ನು ಶೇ. 10 ವೇಗಗೊಳಿಸಿದಾಗ ಕೆಲಸ 97.3 ಸೆಕೆಂಡಿಗೆ ಮುಗಿಯುತ್ತದೆ. ಎಸ್‌ಎಸ್‌ಡಿ ಹಾಕಿ ಪ್ರತೀಕ್ಷೆಯನ್ನು ಹತ್ತನೇ ಒಂದಕ್ಕೆ ಇಳಿಸಿದರೆ 37ಕ್ಕೆ. ಯಾವ ಪಾಲು ಎಷ್ಟೆಂದು ತಿಳಿಯುವ ಲಿಂಗ ಟಾಸ್ಕ್ ಮ್ಯಾನೇಜರಿನಲ್ಲಿದೆ: ಡಿಸ್ಕಿನ ಸಾಲು ಶೇ. 100ರಲ್ಲಿ ನಿಂತು ಸಿಪಿಯು ಶೇ. 20ರಲ್ಲಿ ತೂಕಡಿಸುತ್ತಿದ್ದರೆ, ಓವರ್‌ಕ್ಲಾಕಿಂಗಿನ ಪ್ರಸಕ್ತಿಯೇ ಇಲ್ಲ.

ಎಸ್‌ಎಸ್‌ಡಿಗೆ ಹಣ ಬೇಕು, ಓವರ್‌ಕ್ಲಾಕಿಂಗಿಗೆ ಬೇಡ, ಆದ್ದರಿಂದ ಬಡವನಿಗೆ ಅದೇ ಗತಿ ಎಂದರೆ, ಅದೂ ಸಲ್ಲದು. ಇಲ್ಲಿ ಕರ್ಮಭೇದವನ್ನು ಗಮನಿಸಬೇಕು. ಧೂಳು ತೆಗೆಯುವುದು ನಿತ್ಯ. ಬಿಸಿಯಾದಾಗ ಪೇಸ್ಟ್ ಬದಲಿಸುವುದು ನೈಮಿತ್ತಿಕ. ಅಧಿಕವೇಗದ ಆಸೆಯಿಂದ ಮಾಡುವ ಓವರ್‌ಕ್ಲಾಕಿಂಗ್ ಕಾಮ್ಯ. ನಿತ್ಯವನ್ನು ಯಥಾಶಕ್ತಿ ಮಾಡಿದರೂ ಸಾರ್ಥಕ, ಯಾವುದೋ ಅಂಗ ಬಿಟ್ಟರೂ ದೋಷವಿಲ್ಲ. ಕಾಮ್ಯಕ್ಕೆ ಸರ್ವಾಂಗಗಳೂ ಪೂರ್ಣವಾಗಿರಬೇಕು. ಒಂದು ಅಂಗ ಲೋಪವಾದರೂ ಫಲವಿಲ್ಲ. ಬೀಗವಿಲ್ಲದ ಪ್ರೊಸೆಸರ್, ಮಿಗುವಷ್ಟು ಶೀತಕಶಕ್ತಿ, ಹೆಚ್ಚಿನ ಹೊರೆ ತಾಳುವ ಅಡಾಪ್ಟರ್, ದತ್ತಾಂಶದ ಪ್ರತ್ಯೇಕ ನಕಲು, ಇವು ಓವರ್‌ಕ್ಲಾಕಿಂಗಿನ ಅಂಗಗಳು. ಇವನ್ನೆಲ್ಲ ಹೊಂದಿಸುವ ಖರ್ಚು ಎಸ್‌ಎಸ್‌ಡಿಯ ಖರ್ಚನ್ನು ಮೀರುತ್ತದೆ. ಬ್ರಷ್ ಮತ್ತು ಒಂದು ಟ್ಯೂಬ್ ಪೇಸ್ಟು ಬಡವನ ನಿಜವಾದ ಗತಿ.

ಹಾಗಾದರೆ ಓವರ್‌ಕ್ಲಾಕಿಂಗ್ ಸರ್ವಥಾ ನಿಷಿದ್ಧವೇ? ಅಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ, ಅದನ್ನೇ ಅವಲಂಬಿಸುವ ಕೆಲಸಕ್ಕೆ ಬಳಕೆಯಾಗುವ ಯಂತ್ರದಲ್ಲಿ ಪರಿಮಿತಾಧಿಕಾರ ಉಂಟು. 2015ರಲ್ಲಿ ಎನ್‌ವಿಡಿಯಾ ಲ್ಯಾಪ್‌ಟಾಪಿನ 900 ಸರಣಿಯ ಚಿಪ್ಪುಗಳಲ್ಲಿ ಓವರ್‌ಕ್ಲಾಕಿಂಗನ್ನು ಡ್ರೈವರಿನ ಮೂಲಕವೇ ತಡೆದು, ಬಳಕೆದಾರರ ವಿರೋಧದ ನಂತರ ಅವಕಾಶವನ್ನು ಮರಳಿ ಕೊಟ್ಟಿತು. ನಿಷೇಧವು ನಿರಪವಾದವಲ್ಲ ಎಂಬುದಕ್ಕೆ ಇದು ಜ್ಞಾಪಕ. ಪ್ರಯೋಗಕ್ರಮ: ಧೂಳು, ಪೇಸ್ಟ್ ಮುಗಿದ ಮೇಲೆಯೇ ಆರಂಭ, ಒಮ್ಮೆಗೆ 25 ಮೆಗಾಹರ್ಟ್ಸ್‌ಗಿಂತ ಹೆಚ್ಚು ಏರಿಸಕೂಡದು, ಪ್ರತಿ ಮೆಟ್ಟಿಲಿನಲ್ಲೂ ಭಾರದ ಕೆಲಸ ಕೊಟ್ಟು ಉಷ್ಣತೆ ನೋಡಬೇಕು, ಪರದೆಯಲ್ಲಿ ಚುಕ್ಕೆ, ಗೆರೆ ಕಂಡರೆ ಎರಡು ಮೆಟ್ಟಿಲು ಇಳಿಯಬೇಕು. ಮಾಗಿಯ ರಾತ್ರಿ ಸ್ಥಿರವೆನಿಸಿದ ವೇಗ ಏಪ್ರಿಲ್ ಮಧ್ಯಾಹ್ನಕ್ಕೆ ಪ್ರಮಾಣವಲ್ಲ. ಪರೀಕ್ಷೆ ಬೇಸಗೆಯಲ್ಲಿಯೇ ನಡೆಯಬೇಕು.

ಅನಧಿಕಾರಿಗಳ ನಿರ್ದೇಶ ಉಳಿಯಿತು. ಊರಿನ ಅರ್ಜಿಗಳೆಲ್ಲ ಒಂದೇ ಯಂತ್ರದ ಮೇಲೆ ನಿಂತಿದ್ದರೆ ಆ ಯಂತ್ರಕ್ಕೆ ಅಧಿಕಾರವಿಲ್ಲ. ನಕಲಿಲ್ಲದ ದಾಖಲೆಗಳಿರುವ ವಿದ್ಯಾರ್ಥಿಯ ಯಂತ್ರಕ್ಕೂ ಇಲ್ಲ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿರುವ ಯಂತ್ರಕ್ಕೆ ಓವರ್‌ಕ್ಲಾಕಿಂಗ್ ಇರಲಿ, ಮೇಲೆ ಹೇಳಿದ ಪುನಃಪ್ರಾಪ್ತಿಯ ಯಾವ ವಿಧಿಯೂ ಇಲ್ಲ. ಅದನ್ನು ಆಫ್ ಮಾಡಿ, ಬ್ಯಾಟರಿಯನ್ನು ಚುಚ್ಚದೆ ಬಗ್ಗಿಸದೆ ಬಲ್ಲವರಿಂದ ತೆಗೆಸಿದ ನಂತರವೇ ಉಳಿದ ವಿಚಾರ.