ಹಾಡಿನೊಳಗೆ ಕುಳಿತವರು

1977ರ ಡಿಸೆಂಬರ್ 31ರ ರಾತ್ರಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ನ್ಯೂಯಾರ್ಕಿನಿಂದ ಬಂದ ನಾಲ್ವರು ಹುಡುಗರು ಹಾಡಿದರು. ತಂಡದ ಹೆಸರು ರಮೋನ್ಸ್. ಪಂಕ್ ರಾಕ್ ಎಂಬ ಸಂಗೀತಕ್ಕೆ ಅಡಿಪಾಯ ಹಾಕಿದವರಲ್ಲಿ ಅವರು ಮೊದಲಿಗರು. ಅಂದು ಅವರು ಒಂದು ಗಂಟೆಯೂ ತುಂಬದ ಹೊತ್ತಿನಲ್ಲಿ 28 ಹಾಡು ಹಾಡಿ ಮುಗಿಸಿದರು. ಒಂದು ಹಾಡು ನಿಂತು ಚಪ್ಪಾಳೆ ಏಳುವಷ್ಟರಲ್ಲಿ ಬೇಸ್ ಗಿಟಾರಿನ ಡೀ ಡೀ ಒಂದರಿಂದ ನಾಲ್ಕರವರೆಗೆ ಕೂಗಿ ಎಣಿಸುತ್ತಾನೆ, ಮುಂದಿನ ಹಾಡು ಶುರುವಾಗಿಬಿಡುತ್ತದೆ. ಮಾತಿಲ್ಲ, ವಿವರಣೆಯಿಲ್ಲ, ನೀರು ಕುಡಿಯುವ ಬಿಡುವೂ ಇದ್ದಂತೆ ಕಾಣುವುದಿಲ್ಲ. 1979ರಲ್ಲಿ ಇದು 'ಇಟ್ಸ್ ಅಲೈವ್' ಎಂಬ ಹೆಸರಿನಲ್ಲಿ ಎರಡು ಎಲ್‌ಪಿಗಳ ಧ್ವನಿಮುದ್ರಿಕೆಯಾಗಿ ಹೊರಬಂತು.

ಆ ಪ್ರವಾಸದಲ್ಲಿ ನಾಲ್ಕು ಕಛೇರಿಗಳನ್ನು ಮುದ್ರಿಸಿಕೊಂಡಿದ್ದರಂತೆ. ನಾಲ್ಕರಲ್ಲಿ ಇದನ್ನೇ ಆರಿಸಿದ್ದಕ್ಕೆ ಕಾರಣ, ಕೇಳಲು ಬಂದವರು ಹತ್ತು ಸಾಲು ಕುರ್ಚಿಗಳನ್ನು ಕಿತ್ತು ವೇದಿಕೆಯತ್ತ ಎಸೆದಿದ್ದರು ಎಂಬುದು ತಂಡದ ಸುತ್ತ ಉಳಿದುಬಂದಿರುವ ಮಾತು. ಕುರ್ಚಿ ಕೀಳುವುದನ್ನು ಯಾರೂ ಮೆಚ್ಚಬೇಕಾಗಿಲ್ಲ. ಆದರೆ ಆ ಆಯ್ಕೆಯ ಹಿಂದಿನ ಅಳತೆಗೋಲು ನನ್ನನ್ನು ಬಿಡದೆ ಕಾಡಿದೆ. ಯಾವ ರಾತ್ರಿ ಗಿಟಾರು ಶುದ್ಧವಾಗಿ ನುಡಿಯಿತು ಎಂದು ಅವರು ನೋಡಲಿಲ್ಲ, ಯಾವ ರಾತ್ರಿ ಕೇಳುವವರು ಕುಳಿತಲ್ಲಿ ಕೂರಲಾರದೆ ಹೋದರು ಎಂದು ನೋಡಿದರು. ಹಾಡಿದವರ ಹೆಸರಿನಲ್ಲಿ ಮಾರಾಟವಾದ ಆ ತಟ್ಟೆಯಲ್ಲಿ ನಿಜವಾಗಿ ಮುದ್ರಿತರಾದವರು ಯಾರು?

ಅದೇ ದಿನ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಗೆ 67 ವರ್ಷ ತುಂಬಿತ್ತು. ಒಂದೇ ರಾಗದ ಒಂದು ಬಂದಿಶಿನಲ್ಲಿ ಸಭೆಯನ್ನೇ ಮರೆಸಿ ಕೂರಿಸುತ್ತಿದ್ದ ಮನ್ಸೂರರೆಲ್ಲಿ, ಒಂದು ಹಾಡಿಗೆ ಎರಡು ನಿಮಿಷವೂ ಹೆಚ್ಚೆನ್ನುತ್ತಿದ್ದ ಈ ಹುಡುಗರೆಲ್ಲಿ! ಆದರೂ ಮನ್ಸೂರರ ಕಛೇರಿಯ ಮುದ್ರಿಕೆ ಕೇಳುವಾಗ ನನ್ನ ಕಿವಿ ನಿಲ್ಲುವುದು ಎಲ್ಲಿ? ತಾನ್ ಎತ್ತೆತ್ತಲೋ ಹೋಗಿ ತಿರುಗಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಬೀಳುವ ಆ ಗಳಿಗೆಯಲ್ಲಿ. ಅದೇ ಗಳಿಗೆಗೆ ಮುಂದಿನ ಸಾಲಿನಿಂದ ಯಾರದೋ ಗಂಟಲಿನಿಂದ ತಾನಾಗಿ ಹೊರಡುವ 'ಆಹಾ'ದಲ್ಲಿ. ಆ 'ಆಹಾ' ಎಂದವರ ಹೆಸರು ಗೊತ್ತಿಲ್ಲ. ಅವರು ಬರೆದಿಟ್ಟದ್ದು ಏನಾದರೂ ಇದೆಯೋ ಇಲ್ಲವೋ. ಆದರೆ ಜಗತ್ತಿನಲ್ಲಿ ಅವರು ಒಂದು ಸಂಜೆ ಪೂರ್ತಿಯಾಗಿ ಇದ್ದರು ಎನ್ನುವುದಕ್ಕೆ ಆ ಒಂದು ಉಸಿರು ಸಾಕ್ಷಿಯಾಗಿದೆ.

ಅಂಥ ಉಸಿರು ನಮ್ಮ ಹಳ್ಳಿಗಳ ಕ್ಯಾಸೆಟ್ಟುಗಳಲ್ಲೂ ಇದೆ. ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿ, ತಾಲ್ಲೂಕು ಬೇರೆಯಾಗುವ ಮೊದಲು, ರೋಣಕ್ಕೆ ಸೇರಿದ್ದ ಊರು. ಆ ಭಾಗದ ಹಳ್ಳಿಗಳಲ್ಲಿ ರಾತ್ರಿಯ ಭಜನೆಯನ್ನೋ ದೊಡ್ಡಾಟವನ್ನೋ ಹಿಂದೆ ಟೇಪ್‌ರೆಕಾರ್ಡರಿನಲ್ಲಿ ಹಿಡಿಯುತ್ತಿದ್ದರು, ಈಗ ಮೊಬೈಲಿನಲ್ಲಿ ಹಿಡಿಯುತ್ತಾರೆ. ಅಂಥ ಒಂದು ಕ್ಯಾಸೆಟ್ ಹಾಕಿ ಕೇಳಿ. ಹಾರ್ಮೋನಿಯಂ ಇನ್ನೂ ಶ್ರುತಿ ಹಿಡಿಯುತ್ತಿರುವಾಗಲೇ ಜನರೇಟರಿನ ಗುಡುಗುಡು ಬರುತ್ತದೆ. ಯಾವುದೋ ಮಗು ಅಳುತ್ತದೆ, ತಾಯಿ ಸುಮ್ಮನಿರಿಸುತ್ತಾಳೆ. ಪದ ಏರುತ್ತಾ ಏರುತ್ತಾ ಮೈ ಜುಮ್ಮೆನ್ನುವಲ್ಲಿಗೆ ಬಂದಾಗ ಮೈಕಿನವನು ನಡುವೆ ಬಾಯಿ ಹಾಕಿ, ಇಂಥ ಓಣಿಯ ಇಂಥವರಿಂದ ಐವತ್ತೊಂದು ರೂಪಾಯಿ ಕಾಣಿಕೆ ಎಂದು ಸಾರುತ್ತಾನೆ. ಮೇಳದವರು ನಿಲ್ಲಿಸುವುದಿಲ್ಲ, ಸಿಟ್ಟಾಗುವುದೂ ಇಲ್ಲ. ತಾಳ ಒಂದಿಷ್ಟು ಗಟ್ಟಿಯಾಗುತ್ತದೆ, ಅಷ್ಟೇ. ಹಿಂದಿನಿಂದ ಯಾರೋ 'ವನ್ಸ್ ಮೋರ್' ಎಂದು ಕೂಗುತ್ತಾರೆ. ಅದೇ ನುಡಿ ಮತ್ತೆ ಬರುತ್ತದೆ, ಆದರೆ ಅದೇ ರೀತಿಯಲ್ಲಿ ಬರುವುದಿಲ್ಲ. ಕೇಳಿಸಿಕೊಂಡವರಿದ್ದಾರೆ ಎಂದು ತಿಳಿದ ಮೇಲೆ ಹಾಡುವವನ ದನಿಗೆ ಬೇರೆಯೇ ಒಂದು ಧೈರ್ಯ ಬಂದಿರುತ್ತದೆ.

ಈ 'ವನ್ಸ್ ಮೋರ್' ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಸಭೆಯಲ್ಲಿ ಅದನ್ನು ಕೂಗುವವನು ಏನನ್ನೋ ಕೊಟ್ಟು ಕೂಗಿರುತ್ತಾನೆ. ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿಯ ನಿದ್ದೆ ಬಿಟ್ಟು ಬಂದು, ಚಳಿಯಲ್ಲಿ ಕಂಬಳಿ ಹೊದ್ದು ನೆಲದ ಮೇಲೆ ಕೂತಿರುತ್ತಾನೆ. ಕೊಡುವುದು ಕೊಂಡದ್ದಕ್ಕೆ ಸಮವಾಗಿರುತ್ತದೆ. ಟೇಪು ತಿರುಗಿಸಿ ಅದೇ ನುಡಿಯನ್ನು ಎಷ್ಟು ಸಲ ಬೇಕಾದರೂ ಕೇಳುವ ನಾನು ಕೊಡುವುದೇನು? ಯಂತ್ರಕ್ಕೆ 'ವನ್ಸ್ ಮೋರ್' ಎನ್ನಬೇಕಿಲ್ಲ, ಗುಂಡಿ ಒತ್ತಿದರೆ ಸಾಕು. ಬೇಡದೆ ಸಿಗುವ, ಏನೂ ತೆರದೆ ಸಿಗುವ ಹಾಡು ನಮ್ಮೊಳಗೆ ಎಷ್ಟು ದೂರ ಇಳಿದೀತು ಎಂಬ ಅನುಮಾನ ನನ್ನದು.

ಇಲ್ಲಿ ಒಂದು ಎದುರುಮಾತು ಬರುತ್ತದೆ, ಅದೂ ರೋಣದಿಂದಲೇ. 1922ರ ಫೆಬ್ರವರಿ 4ರಂದು ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಕೇಳಿದ್ದು ಅಬ್ದುಲ್ ಕರೀಮ್ ಖಾನರ ಒಂದು ಗ್ರಾಮಫೋನ್ ತಟ್ಟೆಯನ್ನು. ಆ ಕಾಲದ 78 ಸುತ್ತಿನ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಜಿಂಝೋಟಿ ರಾಗದ ಆ ಠುಮ್ರಿಯಲ್ಲಿ ಸಭೆಯ ಸದ್ದಿಲ್ಲ, 'ಆಹಾ' ಇಲ್ಲ, ಕೆಮ್ಮಿಲ್ಲ. ಖಾನ್ ಸಾಹೇಬರು ಯಂತ್ರದ ಮುಂದೆ ಕೂತು ಹಾಡಿದ್ದು. ಆದರೂ ಆ ಮೂರು ನಿಮಿಷ ಹನ್ನೊಂದು ವರ್ಷದ ಹುಡುಗನನ್ನು 1933ರಲ್ಲಿ ಮನೆ ಬಿಟ್ಟು ಓಡುವಂತೆ ಮಾಡಿತು. ಹಾಗಾದರೆ ಸಭೆಯಿಲ್ಲದ ಮುದ್ರಿಕೆ ನಿರ್ಜೀವ ಎನ್ನಲು ಬಾಯಿ ಬರುವುದು ಹೇಗೆ?

ಹಾಗೆ ನಾನು ಎನ್ನಲಾರೆ. ಆದರೆ ಆ ಹುಡುಗ ಮುಂದೆ ಮಾಡಿದ್ದನ್ನು ನೋಡಬೇಕು. ತಟ್ಟೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತೃಪ್ತನಾಗಿ ಅವನು ಮನೆಯಲ್ಲಿ ಉಳಿಯಲಿಲ್ಲ. ಎದುರಿಗೆ ಕೂತು ಕಲಿಯಬಹುದಾದ ಒಬ್ಬ ಜೀವಂತ ಮನುಷ್ಯನನ್ನು ಹುಡುಕಿಕೊಂಡು ಗ್ವಾಲಿಯರಿನ ತನಕ ಉತ್ತರದಲ್ಲೆಲ್ಲ ಅಲೆದ. ಕೊನೆಗೆ ಗುರು ಸಿಕ್ಕಿದ್ದು ಮನೆಯಿಂದ ಅಷ್ಟೇನೂ ದೂರವಿಲ್ಲದ ಕುಂದಗೋಳದಲ್ಲಿ, ಅದೇ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ರೂಪದಲ್ಲಿ. ಮುದ್ರಿಕೆ ಅವನಿಗೆ ಕಲಿಸಲಿಲ್ಲ, ಕೂತಲ್ಲಿಂದ ಎಬ್ಬಿಸಿತು. 1952ರಲ್ಲಿ ಗುರು ತೀರಿಕೊಂಡರು. ಮರುವರ್ಷದಿಂದ ಅವರ ನೆನಪಿಗೆ ಪುಣೆಯಲ್ಲಿ ಉತ್ಸವ ನಡೆಯತೊಡಗಿತು. ಭೀಮಸೇನರು ದಶಕಗಳ ಕಾಲ ಅದರ ಬೆನ್ನೆಲುಬಾಗಿ ನಿಂತರು. ಮೂರು ನಿಮಿಷದ ತಟ್ಟೆಯ ಋಣವನ್ನು ಸಾವಿರಾರು ಜನ ಒಟ್ಟಿಗೆ ಕೂರುವ ಸಭೆಯಾಗಿ ತೀರಿಸಿದರು ಎಂದೇ ನಾನು ತಿಳಿಯುತ್ತೇನೆ.

ಪಂಕ್‌ನಲ್ಲೂ ಇಂಥದೇ ಒಂದು ಕತೆಯಿದೆ. 1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಒಂದು ಚಿಕ್ಕ ಸಭಾಂಗಣದಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡ ಹಾಡಿದಾಗ ಇದ್ದವರು ಹತ್ತಾರು ಮಂದಿಯಷ್ಟೇ. ಹಾಡುಗಾರಿಕೆ ಉನ್ನತವಾಗಿತ್ತು ಎಂದು ಯಾರೂ ಹೇಳಿಲ್ಲ. ಆದರೆ ಕೇಳಿದವರಲ್ಲಿ ಪೀಟರ್ ಹುಕ್ ಎಂಬ ಹುಡುಗ ಮರುದಿನವೇ ಹೋಗಿ ಬೇಸ್ ಗಿಟಾರ್ ಕೊಂಡ. ಅಂದು ಅಲ್ಲಿದ್ದ ಇನ್ನೂ ಹಲವರು ಮುಂದೆ ತಮ್ಮದೇ ತಂಡ ಕಟ್ಟಿದರು. ಇವರಿಗೆ ಬರುವುದಾದರೆ ನಮಗೂ ಬಂದೀತು ಎಂಬ ಭರವಸೆ ಆ ಸಂಜೆ ಒಬ್ಬರಿಂದೊಬ್ಬರಿಗೆ ಹತ್ತಿತು. ಪಂಕ್‌ನ ಕೂಗಾಟ, ಹರಿದ ಬಟ್ಟೆ, ನೆಟ್ಟಗೆ ನಿಂತ ಕೂದಲು ಇವೆಲ್ಲ ಹೊರಗಿನವು. ಒಳಗಿನ ತಿರುಳು ಇದು: ಹಾಡುವವನಿಗೂ ಕೇಳುವವನಿಗೂ ನಡುವೆ ಕಟ್ಟಿದ್ದ ಗೋಡೆಯನ್ನು ಅದು ಒಪ್ಪಲಿಲ್ಲ.

ನಮ್ಮ ಭಜನಾ ಮೇಳಗಳಲ್ಲಿ ಆ ಗೋಡೆಯನ್ನು ಯಾರೂ ಕಟ್ಟಿರಲೇ ಇಲ್ಲ. ತತ್ವಪದ ಹಾಡಿದ ಶಿಶುನಾಳ ಶರೀಫರು 1819ರಿಂದ 1889ರ ತನಕ ಬದುಕಿದ್ದರು. ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ಅಂದರೆ ದನಿಯನ್ನು ಹಿಡಿದಿಡುವ ಯಂತ್ರ ಹುಟ್ಟಿದ ಮೇಲೂ ಶರೀಫರು ಹನ್ನೆರಡು ವರ್ಷ ಹಾಡುತ್ತಲೇ ಇದ್ದರು. ಆ ಯಂತ್ರ ಶಿಶುನಾಳಕ್ಕೆ ಬರಲಿಲ್ಲ. ಭಾರತದಲ್ಲಿ ತಟ್ಟೆಗಾಗಿ ಹಾಡು ಮುದ್ರಿಸುವ ಕೆಲಸ ಶುರುವಾದದ್ದೇ 1902ರಲ್ಲಿ, ಕಲಕತ್ತೆಯಲ್ಲಿ, ಆಗ ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬರು. ಶರೀಫರ ದನಿ ಹೇಗಿತ್ತೆಂದು ಇಂದು ಯಾರಿಗೂ ತಿಳಿಯದು. ಆದರೆ ಹಾಡುಗಳು ಬಂದಿವೆ. ಕೇಳಿದವರು ಮನೆಗೆ ಹೋಗಿ ಹಾಡಿಕೊಂಡರು, ಬರುವ ಅಮವಾಸ್ಯೆಯ ಭಜನೆಯಲ್ಲಿ ಏಕತಾರಿ ಹಿಡಿದು ಹಾಡಿದರು, ಅವರನ್ನು ಕೇಳಿದವರು ತಿರುಗಿ ಹಾಡಿದರು. ಒಂದು ನುಡಿ ಬಿಟ್ಟುಹೋದರೆ ಪಕ್ಕದ ಊರಿನವರು ಎತ್ತಿಕೊಟ್ಟರು. ತತ್ವಪದಗಳ ಮಟ್ಟಿಗೆ ಕೇಳಿದವರ ಮೈಯೇ ಮುದ್ರಣಯಂತ್ರವಾಗಿತ್ತು. ಆ ಯಂತ್ರ ಕೆಲಸ ಮಾಡಬೇಕಾದರೆ ಕೇಳುಗ ಹಾಡುಗನಾಗಲೇಬೇಕಿತ್ತು, ಬೇರೆ ದಾರಿ ಇರಲಿಲ್ಲ.

ಕಾಲದ ಇನ್ನೊಂದು ಹೊಂದಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ರಮೋನ್ಸ್ ತಟ್ಟೆ ಹೊರಬಂದ 1979ರಲ್ಲೇ ಕರ್ನಾಟಕದಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಸಮುದಾಯ ತಂಡದ ಜಾಥಾ ಬೀದಿ ನಾಟಕ ಹಿಡಿದು ನಾಡು ಸುತ್ತಿತು. ಹಲಗೆ ಬಡಿದು, ಮೈಕಿಲ್ಲದೆ, ವೇದಿಕೆಯಿಲ್ಲದೆ ಹಾಡಿದ ಕಾಲ ಅದು. ಮರುವರ್ಷ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಕಾಲುವೆಯ ಕರಭಾರದ ವಿರುದ್ಧ ರೈತರು ಎದ್ದು ನಿಂತರು. ಗೋಲಿಬಾರು ನಡೆದು ಜೀವಗಳು ಹೋದವು. ಇಂದಿಗೂ ಆ ದಿನವನ್ನು ರೈತ ಹುತಾತ್ಮ ದಿನವೆಂದು ನೆನೆಯುತ್ತಾರೆ. ಲಂಡನ್ನಿನ ಕೆಲಸವಿಲ್ಲದ ಹುಡುಗರಿಗೆ ನರಗುಂದ ಗೊತ್ತಿರಲಿಲ್ಲ, ನರಗುಂದದ ರೈತರಿಗೆ ಪಂಕ್ ಎಂಬ ಶಬ್ದವೇ ಕಿವಿಗೆ ಬಿದ್ದಿರಲಿಕ್ಕಿಲ್ಲ. ಎರಡನ್ನೂ ಒಂದೇ ಎನ್ನುವುದು ತಪ್ಪಾಗುತ್ತದೆ. ಒಂದು ಕಡೆ ಬೇಸರ ಸಿಟ್ಟಾಗಿತ್ತು, ಇನ್ನೊಂದು ಕಡೆ ಹೊಟ್ಟೆ ಸಿಟ್ಟಾಗಿತ್ತು. ಆದರೆ ನರಗುಂದ, ನವಲಗುಂದದ ಬೀದಿಗಳಲ್ಲಿ ಸಾವಿರ ಕಂಠ ಒಂದಾಗಿ ಎತ್ತಿದ ಘೋಷಣೆಯ ಏರಿಳಿತ ಹೇಗಿತ್ತು? ಪಲ್ಲವಿಯನ್ನು ಯಾರು ಎತ್ತಿದರು, ಯಾರು ಹಿಡಿದರು? ಪತ್ರಿಕೆ, ಪುಸ್ತಕ, ಸ್ಮಾರಕ ಎಲ್ಲವೂ ಅಂದು ನಡೆದದ್ದನ್ನು ಹೇಳುತ್ತವೆ. ದನಿ ಹೇಳುವುದು ಬೇರೆ: ಆ ಜನರು ಒಬ್ಬರಿಗೊಬ್ಬರು ಎಷ್ಟು ಹತ್ತಿರ ನಿಂತಿದ್ದರು ಎಂಬುದನ್ನು.

ಇದನ್ನು ಬರೆಯುವ ಹೊತ್ತಿಗೆ ರೇನ್‌ಬೋ ರಾತ್ರಿಯ ನಾಲ್ವರೂ ಇಲ್ಲ. ಜೋಯಿ 2001ರಲ್ಲಿ, ಡೀ ಡೀ 2002ರಲ್ಲಿ, ಜಾನಿ 2004ರಲ್ಲಿ, ಟಾಮಿ 2014ರಲ್ಲಿ ತೀರಿಕೊಂಡರು. ಕುರ್ಚಿ ಕಿತ್ತ ಹುಡುಗರಲ್ಲಿ ಎಷ್ಟೋ ಮಂದಿ ಇನ್ನೂ ಇದ್ದಾರು, ಎಪ್ಪತ್ತರ ಆಸುಪಾಸಿನ ಮುದುಕರಾಗಿ. ಮುದ್ರಿಕೆಯಲ್ಲಿ ಅವರ ಕೂಗು ಹಾಗೆಯೇ ಇದೆ. ಸ್ಟುಡಿಯೋದಲ್ಲಿ ಹಾಡಿದ್ದಕ್ಕಿಂತ ಸಭೆಯಲ್ಲಿ ಆ ತಂಡ ಹೆಚ್ಚು ವೇಗವಾಗಿ ಹಾಡುತ್ತಿತ್ತು. ವೇಗ ಎಲ್ಲಿಂದ ಬಂತೆಂದು ಕೇಳಿದರೆ ಆ ಕೂಗಿನತ್ತ ಬೊಟ್ಟು ಮಾಡಬೇಕಾಗುತ್ತದೆ.

ಅದಕ್ಕೇ ಈಚಿನ ಒಂದು ರೂಢಿ ನನಗೆ ಸಂಕಟ ತರುತ್ತದೆ. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಗದ್ದಲ ತೆಗೆದು 'ಸ್ವಚ್ಛ' ಮಾಡಿಕೊಡುವ ಸಾಫ್ಟ್‌ವೇರುಗಳಿವೆ. ಅವುಗಳಲ್ಲಿ ಹಲವು ಕೆಲಸ ಮಾಡುವ ರೀತಿ ಸರಳ: ಬದಲಾಗದೆ ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ಗುರುತಿಸಿ ಅಳಿಸುತ್ತವೆ. ತಂಬೂರಿಯ ಶ್ರುತಿ ಕೂಡ ಬದಲಾಗದೆ ಒಂದೇ ಸಮನೆ ಬರುವ ಸದ್ದೇ! ಎಚ್ಚರ ತಪ್ಪಿದರೆ ಜನರೇಟರಿನ ಜೊತೆಗೆ ಹಾಡಿನ ನೆಲವೇ ಸವೆದುಹೋಗುತ್ತದೆ. ಇನ್ನು ಮಗುವಿನ ಅಳು, ಕಾಣಿಕೆಯ ಸಾರುವಿಕೆ, ಹಿಂದಿನ ಸಾಲಿನ ಕೂಗು ಇವನ್ನು ಕತ್ತರಿಸಿ ಬರೀ ಪದವನ್ನು ಉಳಿಸಿದರೆ, ಉಳಿಯುವುದು ಯಾವ ಊರಿನದೂ ಅಲ್ಲದ ಹಾಡು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಕಣ್ಣಿಲ್ಲದವರು ಸಭೆಯನ್ನು ಅಳೆಯುವುದು ಕಿವಿಯಿಂದಲೇ: ಜನ ಎಷ್ಟಿದ್ದಾರೆ, ತೂಕಡಿಸುತ್ತಿದ್ದಾರೋ, ಎಚ್ಚರಾಗಿದ್ದಾರೋ ಎಂಬುದನ್ನು ಸದ್ದು ಹೇಳುತ್ತದೆ. ನಾವು ಗದ್ದಲವೆಂದು ತೆಗೆದುಹಾಕುವುದು ಅವರಿಗೆ ಎದುರು ಕೂತವರ ಮುಖ.

ಕ್ಯಾಸೆಟ್ಟಿನ ಟೇಪಿಗೆ ಬೂಸು ಹಿಡಿಯುತ್ತದೆ, ಲೇಪ ಉದುರುತ್ತದೆ, ಟ್ರಂಕಿನಲ್ಲಿ ಬೇಸಗೆಯ ಕಾವು ತಿಂದು ಸುರುಳಿ ಸೊಟ್ಟಗಾಗುತ್ತದೆ. ಲಕ್ಕಲಕಟ್ಟಿಯಲ್ಲಿ, ಸೂಡಿಯಲ್ಲಿ, ಇಟಗಿಯಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಅಂಥದೊಂದು ಇದ್ದರೆ ಈಗಲೇ ಕೆಳಗಿಳಿಸಬೇಕು. ಇದ್ದ ಸದ್ದನ್ನೆಲ್ಲ ಹಾಗೆಯೇ ಉಳಿಸಿ ಒಂದು ಪ್ರತಿ ಮಾಡಿಸಬೇಕು. ಮೇಲೆ ಪದದ ಹೆಸರಷ್ಟೇ ಬರೆದರೆ ಸಾಲದು. ಯಾವ ವರ್ಷ, ಯಾರ ಮನೆಯ ಮುಂದೆ, ಹಾರ್ಮೋನಿಯಂ ಯಾರದು, ದಮ್ಮಡಿ ಯಾರದು, ಮೈಕಿನಲ್ಲಿ ಸಾರಿದ ದನಿ ಯಾರದು, ನಡುವೆ ನಕ್ಕ ಹೆಂಗಸು ಯಾರು, ಎಲ್ಲವನ್ನೂ ಬರೆದಿಡಬೇಕು. ನಾಲ್ವರು ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿ ಕೇಳಿಸಿದರೆ ಅವರು ಒಂದೊಂದು ಕೆಮ್ಮಿಗೂ ಹೆಸರು ಹೇಳುತ್ತಾರೆ. ಎರಡನೆಯ ನುಡಿ ಬರುವಷ್ಟರಲ್ಲಿ ಅವರಲ್ಲೊಬ್ಬರು ದನಿ ಕೂಡಿಸಿಯೇ ಬಿಡುತ್ತಾರೆ, ಆಗ ಅದನ್ನೂ ಮುದ್ರಿಸಿಕೊಳ್ಳಬೇಕು.