ಆಟದ ಕಟ್ಟಳೆಯೂ ಆಡುವವರ ನಂಬಿಕೆಯೂ

ಕಟ್ಟಳೆಗೆ ಮನ್ನಣೆ ಬರುವುದು ಅದರ ಅಕ್ಷರದಿಂದಲೋ, ಅದನ್ನು ನೆಚ್ಚಿ ನಡೆದವರ ನಂಬಿಕೆಯಿಂದಲೋ ಎಂಬ ಪ್ರಶ್ನೆಯನ್ನು ನ್ಯಾಯವೇತ್ತರೂ ಶಾಸ್ತ್ರಜ್ಞರೂ ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಅದೇ ಪ್ರಶ್ನೆಯನ್ನು ಒಂದು ಆಟದ ವಿಷಯದಲ್ಲಿ ಎತ್ತಿದರೆ ಕೆಲವರಿಗೆ ನಗೆ ಬಂದೀತು. ಆದರೆ ಆಟಕ್ಕೆ ಕಟ್ಟಳೆಯ ಹೊರತು ಬೇರೆ ನೆಲೆಯಿಲ್ಲವಷ್ಟೆ. ಆದುದರಿಂದ ಅಲ್ಲಿ ಈ ಪ್ರಶ್ನೆಯು ಬೇರಾವ ಕಲಬೆರಕೆಯೂ ಇಲ್ಲದೆ ಕಾಣುವುದೆಂದು ನನ್ನ ಎಣಿಕೆ.

ನಾನು ಹೇಳಹೊರಟಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ವಿಚಾರ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಇದಕ್ಕೆ ಪಗಡೆಯ ಹಾಸಿನಂಥದು ಬೇಕಿಲ್ಲ. ಒಬ್ಬನು ಸೂತ್ರಧಾರನಾಗಿ ಕಲ್ಪಿತಲೋಕವೊಂದನ್ನು ವರ್ಣಿಸುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಮೊದಲಾದ ಒಂದೊಂದು ಪಾತ್ರವನ್ನು ವಹಿಸಿ, ಆ ಲೋಕದಲ್ಲಿ ತಾವೇನು ಮಾಡುವೆವೆಂದು ಹೇಳುತ್ತಾರೆ. ಫಲವು ಸಂದಿಗ್ಧವಾದಲ್ಲಿ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಪಾತ್ರದ ಬಲಾಬಲವೆಲ್ಲ ಒಂದು ಹಾಳೆಯ ಮೇಲೆ ಅಂಕೆಗಳಾಗಿ ಬರೆದಿರುತ್ತದೆ. ಒಂದೇ ಕಥೆ ವರ್ಷಗಟ್ಟಲೆ ಸಾಗುವುದುಂಟು. ಆ ನಡುವೆ ಪ್ರಕಾಶಕರು ಕಟ್ಟಳೆಗಳನ್ನು ತಿದ್ದಿ ಹೊಸ ಆವೃತ್ತಿಯನ್ನು ತರುತ್ತಾರೆ. ಎರಡನೆಯದು 1989ರಲ್ಲಿಯೂ, ಮೂರನೆಯದು 2000ದಲ್ಲಿಯೂ, ನಾಲ್ಕನೆಯದು 2008ರಲ್ಲಿಯೂ, ಐದನೆಯದು 2014ರಲ್ಲಿಯೂ ಬಂದುವು. ಐದನೆಯದರ ಪರಿಷ್ಕರಣ 2024ರಲ್ಲಿ ಹೊರಟಿತು. ಹಳೆಯ ಪುಸ್ತಕದಂತೆ ಹತ್ತು ವರ್ಷ ಬೆಳೆಸಿದ ಪಾತ್ರವನ್ನು ಹೊಸ ಪುಸ್ತಕಕ್ಕೆ ಒಯ್ಯುವಾಗ, ಏನನ್ನು ಒಯ್ದರೆ ಅದು ಅದೇ ಪಾತ್ರವೆನಿಸೀತು?

ಸುಲಭವಾದುದನ್ನು ಮೊದಲು ಹೇಳಿಬಿಡುವೆನು. ಹಳೆಯ ಕಟ್ಟಳೆಯಲ್ಲಿ ಕವಚದ ಅಂಕೆ ಇಳಿದಷ್ಟೂ ರಕ್ಷಣೆ ಹೆಚ್ಚು. ಮೂರನೆಯ ಆವೃತ್ತಿಯಿಂದೀಚೆಗೆ ಏರಿದಷ್ಟೂ ಹೆಚ್ಚು. ಹಳೆಯದನ್ನು 20ರಿಂದ ಕಳೆದರೆ ಹೊಸದು ದೊರೆಯುತ್ತದೆ. 3 ಇದ್ದುದು 17 ಆಗುತ್ತದೆ. ಮೈಲಿಯ ಲೆಕ್ಕವನ್ನು ಕಿಲೋಮೀಟರಿಗೆ ತಿರುಗಿಸಿದಂತೆ; ಯಾರಿಗೂ ನಷ್ಟವಿಲ್ಲ.

ತೊಡಕು ಬೇರೆಡೆಯಲ್ಲಿದೆ. ಶತ್ರುವು ಮನಸ್ಸನ್ನು ಕಟ್ಟುವ ಮಂತ್ರವೊಂದನ್ನು ಪ್ರಯೋಗಿಸಿದನೆನ್ನೋಣ. ಎರಡನೆಯ ಆವೃತ್ತಿಯಲ್ಲಿ 17ನೆಯ ಮಟ್ಟಕ್ಕೇರಿದ ಯೋಧನು, 20 ಮುಖಗಳ ದಾಳದಲ್ಲಿ 6 ಅಥವಾ ಮೇಲ್ಪಟ್ಟು ಬಿದ್ದರೆ, ಸಾಮಾನ್ಯವಾಗಿ ಅದನ್ನು ತಡೆದುಕೊಳ್ಳುತ್ತಿದ್ದನು. ಪ್ರಯೋಗಿಸಿದವನು ಎಷ್ಟು ಪ್ರಬಲನೆಂಬುದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಪ್ಪತ್ತರಲ್ಲಿ ಹದಿನೈದು ಸಲ ಅವನು ಪಾರು. ಮೂರನೆಯ ಆವೃತ್ತಿಯಾದರೋ 10ಕ್ಕೆ ಮಂತ್ರದ ದರ್ಜೆಯನ್ನೂ ಮಾಂತ್ರಿಕನ ಬುದ್ಧಿಬಲದ ಅಂಕೆಯನ್ನೂ ಕೂಡಿಸಿ, ಅಷ್ಟನ್ನು ಮುಟ್ಟಬೇಕೆಂದು ವಿಧಿಸುತ್ತದೆ. ಮಂತ್ರ 9ನೆಯ ದರ್ಜೆಯದು, ಬುದ್ಧಿಬಲಕ್ಕೆ 6 ಎಂದಿಟ್ಟುಕೊಂಡರೆ ಮುಟ್ಟಬೇಕಾದುದು 25. ಅದೇ ಮಟ್ಟದ ಯೋಧನಿಗೆ ಮನೋದಾರ್ಢ್ಯದ ಲೆಕ್ಕದಲ್ಲಿ ದಾಳಕ್ಕೆ ಕೂಡಿಸಿಕೊಳ್ಳಲು ಮೂಲತಃ ಸಿಕ್ಕುವುದು 5. ಬೇರೆ ನೆರವಿಲ್ಲದಿದ್ದರೆ 20 ಬಿದ್ದಾಗ ಮಾತ್ರ ಉಳಿವು. ಇಪ್ಪತ್ತರಲ್ಲಿ ಒಂದು ಸಲ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ. ಹಾಳೆಯ ಮೇಲೆ ಅದೇ ಹೆಸರು, ಅದೇ ಮಟ್ಟ, ಅದೇ ಖಡ್ಗ. ಆದರೆ ಮಾಂತ್ರಿಕರ ಮುಂದೆ ಎದೆಗೊಟ್ಟು ನಿಲ್ಲಬಲ್ಲೆನೆಂಬ ಭರವಸೆಯಿಂದ ಯೋಧನ ದಾರಿಯನ್ನು ಆಯ್ದುಕೊಂಡು, ಸಂಗಡಿಗರಿಗಾಗಿ ಮುಂದೆ ನಿಂತು, ಅಷ್ಟು ವರ್ಷ ಗಂಡಾಂತರಗಳನ್ನು ಕಳೆದವನಿಗೆ ಆ ಭರವಸೆಯೇ ಇಲ್ಲವಾಯಿತು.

ಕಟ್ಟಳೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಕಷ್ಟವನ್ನು ನಮ್ಮ ಮೀಮಾಂಸಕರು ಯಾಗಗಳ ವಿಷಯದಲ್ಲಿ ಕಂಡಿದ್ದರು. ಒಂದು ಯಾಗಕ್ಕೆ ಹೇಳಿದ ಅಂಗಗಳನ್ನು ಅದರ ಮಾದರಿಯ ಮತ್ತೊಂದಕ್ಕೆ ಒಯ್ಯುವುದು ಅತಿದೇಶ. ಒಯ್ಯುವಾಗ ಅಗ್ನಿಯ ಹೆಸರಿದ್ದೆಡೆ ಸೂರ್ಯನ ಹೆಸರನ್ನಿಡುವಂಥ ಮಾರ್ಪಾಟು ಊಹ. ಪ್ರಯೋಜನ ತಪ್ಪಿದ ಅಂಗವನ್ನು ಬಿಡುವುದು ಬಾಧ. ಧಾನ್ಯಕ್ಕೆ ಬದಲಾಗಿ ಚಿನ್ನದ ಕಾಳುಗಳನ್ನು ಬೇಯಿಸಬೇಕಾದ ಕರ್ಮದಲ್ಲಿ ಕುಟ್ಟುವ ಕೆಲಸವನ್ನು ಬಿಡಬೇಕೆಂದು ಅವರು ನಿರ್ಣಯಿಸಿದರು. ಕುಟ್ಟುವುದು ಹೊಟ್ಟು ಹೋಗಲೆಂದು, ಚಿನ್ನಕ್ಕೆ ಹೊಟ್ಟೆಲ್ಲಿಯದು? ಸೂತ್ರಧಾರನೂ ಪ್ರತಿಯೊಂದು ಅಂಕೆಯನ್ನೂ ಹೀಗೆಯೇ ಕೇಳಬೇಕು: ನೀನು ಏತಕ್ಕಾಗಿ ಇದ್ದೆ? ಯೋಧನ ಆ 6 ಎಂಬ ಅಂಕೆ ಇದ್ದುದು, ಪಳಗಿದವನನ್ನು ಮಂತ್ರವು ಸುಲಭವಾಗಿ ಬೀಳಿಸಲಾರದೆಂಬ ಅಭಯಕ್ಕಾಗಿ. ಹೊಸ ಪುಸ್ತಕದಲ್ಲಿ ಆ ಅಭಯಕ್ಕೆ ಬೇರೊಂದು ರೂಪವನ್ನು, ಒಂದು ರಕ್ಷೆಯನ್ನೋ ವಿಶೇಷ ಸಾಮರ್ಥ್ಯವನ್ನೋ, ಕಲ್ಪಿಸಿಕೊಡುವುದು ಪಕ್ಷಪಾತವಾಗಲಾರದು.

ಇದಕ್ಕೊಂದು ಬಲವಾದ ಆಕ್ಷೇಪವುಂಟು. ಭರವಸೆಯೆಂಬುದನ್ನು ಅಳೆಯುವವರಾರು? ತನಗೆ ಲಾಭವಾದುದೆಲ್ಲ ತನ್ನ ಹಕ್ಕೆಂದು ನೆನೆಯುವುದು ಮನುಷ್ಯಸ್ವಭಾವ. ಹಳೆಯ ಕಟ್ಟಳೆಯಿಂದ ಮಾಂತ್ರಿಕನಿಗೆ ಕಷ್ಟವಿತ್ತು; ಅದು ಈಗ ನೀಗಿತೆಂದು ಅವನು ಸಂತೋಷಪಟ್ಟರೆ ತಪ್ಪೇನು? ಅಂಕೆಗಾದರೆ ಮುಖದಾಕ್ಷಿಣ್ಯವಿಲ್ಲ. ಈ ಮಾತಿನಲ್ಲಿ ಸತ್ಯವಿದೆ, ಪೂರ್ತಿಯಾಗಿ ತಳ್ಳಿಹಾಕಲು ನನ್ನಿಂದಾಗದು. ಆದರೆ ಯಾವ ಅಂಕೆಯನ್ನು ಒಯ್ಯಬೇಕು, ಯಾವುದನ್ನು ಬಿಡಬೇಕೆಂಬ ಆಯ್ಕೆಯನ್ನು ಅಂಕೆ ಮಾಡುವುದಿಲ್ಲ, ಮನುಷ್ಯನೇ ಮಾಡುತ್ತಾನೆ. ದಾಕ್ಷಿಣ್ಯವು ಅಲ್ಲಿಂದಲೇ ಒಳಹೊಕ್ಕಿರುತ್ತದೆ.

ಕೆಲವೆಡೆ ಬದಲಾಗುವುದು ನಡತೆಯೇ. ಗೈಗ್ಯಾಕ್ಸರ 1979ರ ಪುಸ್ತಕದಂತೆ, ಗುಹೆಯಿಂದ ಹೊರತಂದ ಚಿನ್ನದ ನಾಣ್ಯವೊಂದಕ್ಕೆ ಸಾಮಾನ್ಯವಾಗಿ ಒಂದು ಅನುಭವದ ಅಂಕೆ ಸಲ್ಲುತ್ತಿತ್ತು. ಆದುದರಿಂದ ರಾಕ್ಷಸನನ್ನು ಎಬ್ಬಿಸದೆ ನಿಧಿಯನ್ನು ಸಾಗಿಸಿದವನೇ ಜಾಣ. ಎರಡನೆಯ ಆವೃತ್ತಿ ಇದನ್ನು ಐಚ್ಛಿಕವಾಗಿಸಿತು. ಮೂರನೆಯದರಲ್ಲಿ ಅಂಕೆ ಬರುವುದು ಎದುರಾದ ಶತ್ರುವನ್ನೋ ಸಂಕಟವನ್ನೋ ಗೆದ್ದುದಕ್ಕೆ. (ಉಪಾಯದಿಂದ ಗೆದ್ದರೂ ಗೆಲುವೇ, ಆದರೆ ಕತ್ತಿಯಿಂದ ಗೆದ್ದುದನ್ನು ಎಣಿಸುವುದು ಸುಲಭ.) ಹಳೆಯ ಗುಹೆಯ ರಾಕ್ಷಸರನ್ನು ಒಂದಂಕೆಯೂ ತಪ್ಪದಂತೆ ಹೊಸ ಪುಸ್ತಕಕ್ಕೆ ತಂದರೂ, ಮೆಲ್ಲನೆ ನುಸುಳುತ್ತಿದ್ದವರು ಈಗ ಕೊಲ್ಲುತ್ತ ನಡೆಯುವುದುಂಟು.

ಪ್ರಕಾಶಕರು ಹಿಡಿದ ದಾರಿ ಇನ್ನೂ ವಿಚಿತ್ರ. 1989ರಲ್ಲಿ ಘಾತುಕನೆಂಬ ಪಾತ್ರವರ್ಗವನ್ನು ಪುಸ್ತಕದಿಂದ ತೆಗೆದರು. ಫರ್ಗಾಟನ್ ರೆಲ್ಮ್ಸ್ ಎಂಬ ಅವರ ಕಲ್ಪಿತಲೋಕದಲ್ಲಿ ಘಾತುಕರು ಆಗಲೇ ಇದ್ದರಲ್ಲ! ದೇವತೆಗಳ ಕಲಹದಲ್ಲಿ ಅವರೆಲ್ಲರೂ ಸತ್ತರೆಂದು ಕಥೆ ಕಟ್ಟಿದರು. 2008ರಲ್ಲಿ ಅದೇ ಲೋಕವನ್ನು ಮಹೋತ್ಪಾತವೊಂದಕ್ಕೆ ಗುರಿಮಾಡಿ, ಕಾಲವನ್ನು ಸುಮಾರು ನೂರು ವರ್ಷ ಮುಂದಕ್ಕೆ ಸರಿಸಿದರು. ಪುಸ್ತಕವನ್ನು ತಿದ್ದಿದೆವೆಂದು ನೇರವಾಗಿ ಹೇಳುವುದಕ್ಕಿಂತ ಲೋಕವನ್ನೇ ಕೆಡವುವುದು ಅವರಿಗೆ ಸುಲಭವಾಗಿ ತೋರಿತು. ಘಾತುಕನ ಪಾತ್ರವನ್ನು ವರ್ಷಗಳಿಂದ ವಹಿಸಿದ್ದವನನ್ನು ಒಂದು ಮಾತು ಕೇಳಬೇಕಾದವನು ಅವನ ಮೇಜಿನ ಸೂತ್ರಧಾರನೊಬ್ಬನೇ.

ಕೇಳುವುದು ಯಾವಾಗ ಎಂಬುದೂ ಮುಖ್ಯವೇ. ಹೊಸ ಪುಸ್ತಕದಂತೆ ಮೊದಲ ದಾಳ ಉರುಳುವುದಕ್ಕೆ ಮುಂಚೆ, ಯಾರ ಹಾಳೆಯಲ್ಲಿ ಏನು ಕಳೆಯುತ್ತದೆಂಬುದನ್ನು ಅವರವರ ಮುಂದೆ ಬಿಚ್ಚಿಡಬೇಕು. ಹೆಚ್ಚು ಕಳೆದುಕೊಳ್ಳುವವನ ಮಾತನ್ನು ಮೊದಲು ಕೇಳಬೇಕು. ಅವನು ಒಪ್ಪದಿದ್ದರೆ, ಹಿಡಿದ ಕಥೆಯನ್ನು ಹಳೆಯ ಪುಸ್ತಕದಂತೆಯೇ ಮುಗಿಸಿ, ಹೊಸ ಕಥೆಯನ್ನು ಹೊಸ ಪಾತ್ರಗಳೊಡನೆ ಆರಂಭಿಸಲು ಅಡ್ಡಿಯೇನು? ಹೊಸದನ್ನು ಕೊಂಡವರು ಕೆಲವು ತಿಂಗಳು ಕಾಯಬೇಕಾದೀತು.